ಇಪ್ಪತ್ತು ಪ್ರಶ್ನೆಗೂ ‘ಇಲ್ಲ’

ಅಪ್ಪಾ,

ಇವತ್ತು ಜೆನೆಟಿಕ್ಸ್ ಕ್ಲಾಸಿನಲ್ಲಿ ನಿನ್ನ ಮಗಳು ಫಸ್ಟ್ ಬಂದಳು. ಮಾರ್ಕ್ಸಿನಲ್ಲಲ್ಲ, ದುಡುಕಿನಲ್ಲಿ.

ದುಡುಕುವ ಸ್ವಭಾವಕ್ಕೂ ಕುಡಿತದ ಚಟಕ್ಕೂ ಕೆಲವು ಜೀನ್‌ಗಳ ನಂಟಿದೆ ಎಂದು ಹೇಳಿ, ಮೇಡಂ ಸ್ವಭಾವ ಅಳೆಯುವ ಇಪ್ಪತ್ತು ಪ್ರಶ್ನೆಗಳ ಹಾಳೆ ಹಂಚಿದರು. ನೀನು ಕುಡಿದೇ ಹೋದವನು. ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿದೆ.

ರೂಮ್‌ಮೇಟ್ ಇಣುಕಿದಳು. “ಯೋಚಿಸದೆ ನುಗ್ಗಲ್ವಾ ನೀನು? ಮೊನ್ನೆ ಬೆಕ್ಕಿನ ಮರಿ ಇಳಿಸೋಕೆ ನೀರಿನ ಟ್ಯಾಂಕ್ ಹತ್ತಿ, ಇಳಿಯೋಕೆ ಬರದೆ ಕೂತಿದ್ದು ನಮ್ಮಜ್ಜಿನಾ?”

ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ, ನಿನ್ನ ಹಾಗೇ ಮೇಜು ಬಡಿಯುತ್ತಾ. ಹೊಸ ಹಾಳೆ ಕೇಳಿ ನಿಜ ಬರೆದೆ. ಹದಿನೆಂಟು ‘ಹೌದು’ ಬಂತು, ಕ್ಲಾಸಿಗೇ ಹೆಚ್ಚು.

“ಮೇಡಂ, ಹಾಗಾದ್ರೆ ನಾನೂ ಕುಡಿಯೋಳಾಗ್ತೀನಾ?”

“ಹಣೆಬರಹ ಅಲ್ಲಮ್ಮ ಅದು. ಬೇರೆಯವರಿಗಿಂತ ಸ್ವಲ್ಪ ಹುಷಾರಾಗಿರು, ಅಷ್ಟೇ. ಮರಿ ಹೇಗಿದೆ?”

ಚೆನ್ನಾಗಿದೆ ಅಪ್ಪಾ, ನನ್ನ ದಿಂಬಿನ ಮೇಲೇ ಮಲಗಿದೆ.

ಸ್ಕೂಲ್ ಹಾಸ್ಟೆಲ್‌ಗೆ ನೀನು ಬಂದಾಗಲೆಲ್ಲ ನಾನು ‘ಮಲಗಿದ್ದಾಳೆ’ ಎಂದು ಹೇಳಿ ಕಳಿಸುತ್ತಿದ್ದೆ. ಕೊನೆಯ ಸಲ ನೀನು ಕಾಂಪೌಂಡ್ ಗೋಡೆ ಹತ್ತಿ ಕೂತು, ನಗುತ್ತಾ ನನ್ನ ಕಿಟಕಿಯತ್ತ ಕೈ ಬೀಸಿದೆ. ನಾನು ಪರದೆ ಎಳೆದೆ.

ಇವತ್ತಾಗಿದ್ದರೆ ನಾನೂ ಹತ್ತಿ ಪಕ್ಕದಲ್ಲಿ ಕೂರುತ್ತಿದ್ದೆ. ಇಳಿಯುವುದು ಹೇಗೆಂದು ಆಮೇಲೆ ನೋಡಿಕೊಳ್ಳಬಹುದಿತ್ತು.