ಕುಂಕುಮ ಹಚ್ಚಿದ ರಿಜಿಸ್ಟರಿನೊಳಗೆ ನಮ್ಮಜ್ಜಿಯ ತಮ್ಮ

ಹಳೆಯ ಅನಾಥ ಮಕ್ಕಳ ದಾಖಲೆಗಳನ್ನು ಕಪಾಟಿನಲ್ಲಿಟ್ಟು ಕಾಯುತ್ತಿರುವ ಕೊಪ್ಪಳದ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮಜ್ಜಿ ಹುಲಿಗವ್ವ ವಿಜಯನಗರದ ಅರಸರ ಕಾಲದವಳಲ್ಲ. ನಾನು ಇದನ್ನು ಬರೆಯುತ್ತಿರುವಾಗ ಆಕೆ ಕಾರಟಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದಾಳೆ. ಇಷ್ಟು ಸಣ್ಣ ಸಂಗತಿಯನ್ನು ಒಬ್ಬ ಅಧಿಕಾರಿಗೆ ಊರೆಲ್ಲ ಓದುವ ಹಾಗೆ ಬರೆದು ತಿಳಿಸಬೇಕಾಗಿ ಬಂತಲ್ಲ, ಅದಕ್ಕೇ ಹೇಸಿಗೆಯಾಗುತ್ತಿದೆ. ನಿಮ್ಮ ಸಹಿಯಿರುವ ಉತ್ತರ ನನ್ನ ಮುಂದಿದೆ: "ತಾವು ಕೋರಿರುವ ಕಡತವು 1353ನೇ ಇಸವಿಯದಾಗಿದ್ದು, ವಿಜಯನಗರ ಕಾಲಕ್ಕೆ ಸೇರಿರುವುದರಿಂದ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಅರ್ಜಿಯನ್ನು ವಿಲೇ ಮಾಡಲಾಗಿದೆ." ಎಂಬತ್ತಾರು ವರ್ಷದ ಮುದುಕಿಯ ಒಂದೇ ಆಸೆಯನ್ನು ಎರಡು ಸಾಲಿನಲ್ಲಿ ವಿಲೇ ಮಾಡಿದಿರಿ. ಸಹಿ ಹಾಕುವ ಮುಂಚೆ ಒಮ್ಮೆಯಾದರೂ ಓದಿದಿರಾ?

ನಾವು ಕೇಳಿದ್ದು ಒಂದು ಪುಟ. ಬಂಗಾರದ ನಾಣ್ಯವಲ್ಲ, ತಾಮ್ರದ ಶಾಸನವಲ್ಲ. ಯಾಕೆ ಕೇಳಿದೆವು ಎಂಬುದನ್ನು ನಿಮ್ಮ ಅರ್ಜಿ ನಮೂನೆಯಲ್ಲಿ ಬರೆಯಲು ಜಾಗವಿರಲಿಲ್ಲ. ಇಲ್ಲಿ ಬರೆಯುತ್ತೇನೆ.

1944ರ ಬೇಸಿಗೆ. ಅಜ್ಜಿಗೆ ಆಗ ಐದು ವರ್ಷ, ಆಕೆಯ ತಮ್ಮನಿಗೆ ಎರಡೋ ಮೂರೋ. ಊರಿಗೆ ಪ್ಲೇಗು ಬಂದು ತಂದೆ ತಾಯಿ ಇಬ್ಬರೂ ಹೋಗಿದ್ದರು. ಯಾರೋ ಪುಣ್ಯಾತ್ಮರು ಈ ಎರಡು ಮಕ್ಕಳನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಬಂದು ಕೊಪ್ಪಳದ ಅನಾಥ ಮಕ್ಕಳ ಮನೆಗೆ ಒಪ್ಪಿಸಿದರು. ಈಗ ನಿಮ್ಮ ಕಚೇರಿ ಇರುವುದು ಅದೇ ಕಟ್ಟಡದಲ್ಲಿ. ಅದರ ಪಡಸಾಲೆಯಲ್ಲಿ ಕೆಂಪು ಟೊಪ್ಪಿಗೆಯ ಗುಮಾಸ್ತನೊಬ್ಬ ಕುಳಿತಿದ್ದನಂತೆ. ಮುಂದಿನದನ್ನು ಅಜ್ಜಿಯ ಬಾಯಲ್ಲೇ ಕೇಳಿರಿ:

"ನಿನ್ನ ಹೆಸರೇನಬೇ ಅಂದ. ಹೇಳಿದೆ. ಇವಂದೇನು ಅಂದ. ಅದನ್ನೂ ಹೇಳಿದೆ. ಬರಕೊಂಡ. ಎಂಟು ದಿನಕ್ಕ ಒಂದು ಮೋಟಾರು ಬಂತು, ಗಂಡುಹುಡುಗರನ್ನೆಲ್ಲ ಹತ್ತಿಸಿಕೊಂಡು ಹೋತು. ನಾ ಆಗ ಬಾವಿ ಕಡಿ ಇದ್ದೆ. ಬಂದು ನೋಡಿದ್ರ ತಮ್ಮ ಇಲ್ಲ."

ಆ ತಮ್ಮನನ್ನು ಅಜ್ಜಿ ಯಾವಾಗಲೂ "ತಮ್ಮಾ" ಎಂದೇ ಕರೆದವಳು. ಅವನ ಹೆಸರನ್ನು ಆ ಗುಮಾಸ್ತನ ಮುಂದೆ ಹೇಳಿದ್ದು ನೆನಪಿದೆ, ಹೇಳಿದ ಹೆಸರು ನೆನಪಿಲ್ಲ. "ಹೇಳಿದಾಕಿನೂ ನಾನ, ಮರತಾಕಿನೂ ನಾನ. ಆ ಟೊಪ್ಪಿಗಿಯಂವ ಬರಕೊಂಡಾನ ನೋಡು, ಅವನ ಪುಸ್ತಕಕ್ಕ ನೆನಪಿರತೈತಿ" ಎನ್ನುತ್ತಾಳೆ. ಪುಸ್ತಕದ ಮೇಲೆ ಆಕೆಗಿರುವ ನಂಬಿಕೆ ಆ ಪುಸ್ತಕದ ಒಡೆಯರಾದ ನಿಮಗಿಲ್ಲ.

ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವಾಗ ನಿಮ್ಮ ಮನೆಯಲ್ಲೂ ಒಬ್ಬೊಬ್ಬರ ಹೆಸರು ಹಿಡಿದು ಅವರ ಪಾಲು, ಇವರ ಪಾಲು ಎಂದು ಎರೆಯುತ್ತಾರಲ್ಲವೇ? ನಮ್ಮಜ್ಜಿಯೂ ಮಗನ ಪಾಲು, ಸೊಸೆಯ ಪಾಲು, ಗ್ಯಾನಪ್ಪನ (ಅಂದರೆ ನನ್ನ) ಪಾಲು ಎಂದು ಎರೆದು, ಕೊನೆಗೆ "ತಮ್ಮನ ಪಾಲು" ಎಂದು ಸ್ವಲ್ಪ ಹೊತ್ತು ಕೈ ತಡೆಯುತ್ತಾಳೆ. ಹೆಸರು ಬಂದೀತೇನೋ ಎಂದು. ಬರುವುದಿಲ್ಲ. ಎರೆದುಬಿಡುತ್ತಾಳೆ. ಒಮ್ಮೆ ಪಕ್ಕದ ಮನೆಯ ಮುದುಕವ್ವ ಚುಚ್ಚಿದಳು: "ಹೆಸರಿಲ್ಲದಾಂವಗ ಹಾಲು ಎರದ್ರ ನಾಗಪ್ಪ ಯಾರಿಗಿ ಮುಟ್ಟಸಬೇಕಬೇ ಹುಲಿಗವ್ವ?" ಅಜ್ಜಿ ಬಿಡುವವಳಲ್ಲ. "ನಿನ್ನ ನಾಕು ಮಂದಿ ಅಣ್ಣತಮ್ಮರಿಗಿ ಹೆಸರೈತಲ್ಲ, ಈ ಪಂಚಮಿಗಿ ಒಬ್ಬರರೆ ಕರಿಯಾಕ ಬಂದಾರೇನು?" ಅಂದಳು. ಮುದುಕವ್ವ ತಂಬಿಗೆ ಎತ್ತಿಕೊಂಡು ಹೋದಳು. ಅಂದು ಅಜ್ಜಿ ಗೆದ್ದಳು. ಆದರೆ ಮನೆಗೆ ಬಂದು ಹಬ್ಬದ ಉಂಡಿ ಮುಟ್ಟಲಿಲ್ಲ.

ಇನ್ನು ನನ್ನ ವಿಷಯ. ಡಿಗ್ರಿ ಮುಗಿಸಿ ಮೊಬೈಲ್ ತಿಕ್ಕುತ್ತಾ ಕೂತಿರುವ ಹುಡುಗರ ಪೈಕಿ ನಾನೂ ಒಬ್ಬ, ಒಪ್ಪುತ್ತೇನೆ. ಆದರೆ ನಾನು ತಿಕ್ಕುವುದು ಹಳೆಯ ಕಾಗದಗಳ ಗ್ರೂಪನ್ನು. ಇನ್ನೂರು ಮಂದಿ ಇದ್ದೇವೆ. ಯಾರಾದರೂ ಮುತ್ತಜ್ಜನ ಪಹಣಿ ಹಾಕಿದರೆ, ಕ್ರಿಕೆಟ್ಟಿನಲ್ಲಿ ಸಿಕ್ಸರ್ ಬಿದ್ದ ಹಾಗೆ ಎಲ್ಲರೂ ಚಪ್ಪಾಳೆ ಹಾಕುತ್ತೇವೆ. ಅಜ್ಜಿಯನ್ನು ಮದುವೆ ಮಾಡಿ ಕಳಿಸುವಾಗ ಆ ಅನಾಥ ಮಕ್ಕಳ ಮನೆಯವರು ಕೈಗೆ ಕೊಟ್ಟಿದ್ದ, ಆಕೆಯನ್ನು ಸೇರಿಸಿಕೊಂಡ ದಿನ ಬರೆದ ಉರ್ದು ಚೀಟಿಯೊಂದು ಟ್ರಂಕಿನಲ್ಲಿತ್ತು. ಅದರ ಫೋಟೋ ಗ್ರೂಪಿಗೆ ಹಾಕಿದೆ. ಹತ್ತೇ ನಿಮಿಷದಲ್ಲಿ ಗಂಗಾವತಿಯ ಫಾತಿಮಾಬೀ ಟೀಚರ್, ಉರ್ದು ಶಾಲೆಯಿಂದ ರಿಟೈರ್ ಆದವರು, ವಾಯ್ಸ್ ಕಳಿಸಿದರು: "ಬೇಟಾ, ನಿಮ್ಮಜ್ಜಿ ನಂಬರ್ ನಲವತ್ತೊಂದು. ಖುರ್ದಾದ್ ತಿಂಗಳು, ಸಾವಿರದ ಮುನ್ನೂರಾ ಐವತ್ಮೂರು. ಇದು ನಿಜಾಮರ ಕಾಲದ ಫಸಲಿ ಲೆಕ್ಕ ಐತಿ. ಐದನೂರಾ ತೊಂಬತ್ತು ಕೂಡಸು, ಖುರ್ದಾದ್ ಅಂದ್ರ ಏಪ್ರಿಲ್ ಬರತೈತಿ, ಅದಕ್ಕ ಇನ್ನೊಂದು ಸೇರಸು. ನಲವತ್ನಾಕನೇ ಇಸವಿ." ಅಷ್ಟೇ ಲೆಕ್ಕ. ಮೂರನೇ ಕ್ಲಾಸಿನ ಕೂಡಿಸುವ ಲೆಕ್ಕ.

ಆ ಚೀಟಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಕೌಂಟರಿನಲ್ಲಿದ್ದವರು ಅರ್ಜಿ ನೋಡಿ, "ತಂದಿ ಹೆಸರು ಖಾಲಿ ಬಿಟ್ಟೀರಲ್ರಿ" ಎಂದರು.

"ಗೊತ್ತಿಲ್ರಿ ಸರ್. ಅದನ್ನ ಹುಡುಕಾಕ ಬಂದೀವ್ರಿ."

"ಮೊದಲ ಹುಡುಕಿಕೊಂಡು ಬರ್ರಿ. ಆಮ್ಯಾಲೆ ಹುಡುಕೋಣು."

ನಕ್ಕುಬಿಟ್ಟೆ. ಅವರು ನಗಲಿಲ್ಲ. ಅಜ್ಜಿಯ ಚೀಟಿಯಲ್ಲಿ ತಂದೆಯ ಹೆಸರಿನ ಮುಂದೆ ಆ ಹಳೆಯ ಗುಮಾಸ್ತ "ನಾ ಮಾಲೂಮ್", ಅಂದರೆ ಗೊತ್ತಿಲ್ಲ, ಎಂದು ಬರೆದಿದ್ದಾನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವ ಮರ್ಯಾದೆ ಎಂಬತ್ತು ವರ್ಷದ ಹಿಂದಿನ ಗುಮಾಸ್ತನಿಗಿತ್ತು. ನಿಮ್ಮ ಕಂಪ್ಯೂಟರಿಗೆ ಅದೂ ಇಲ್ಲ. ಅನಾಥರ ದಾಖಲೆ ನೋಡಲು ಅಪ್ಪನ ಹೆಸರು ಕಡ್ಡಾಯ ಎಂದು ನಿಯಮ ಮಾಡಿದ ಮಹಾನುಭಾವರು ಯಾರು, ಹೇಳಿ, ಗ್ರೂಪಿನವರೆಲ್ಲ ಸೇರಿ ಶಾಲು ಹೊದಿಸುತ್ತೇವೆ. ಕಡೆಗೆ ಆ ಜಾಗದಲ್ಲಿ ಬರೀ ಗೆರೆ ಎಳೆದು ಅರ್ಜಿ ಕೊಟ್ಟು ಬಂದೆ. ತಿಂಗಳ ನಂತರ ಉತ್ತರ ಬಂತು: "ಸದರಿ ಕಾಲದ ಯಾವುದೇ ದಾಖಲೆ ಲಭ್ಯವಿಲ್ಲ."

ನಂಬಿದ್ದೆ. ಅಜ್ಜಿಗೂ ಹೇಳಿಬಿಟ್ಟಿದ್ದೆ. ಆದರೆ ಆಯುಧಪೂಜೆ ಬಂತು. ನಿಮ್ಮದೇ ಸಿಬ್ಬಂದಿಯೊಬ್ಬರು ಪೂಜೆಯ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕಿದರು. ಕಂಪ್ಯೂಟರಿಗೆ ಚೆಂಡುಹೂವು, ಜೀಪಿಗೆ ಬಾಳೆಕಂದು, ಕಪಾಟಿನ ಮುಂದೆ ಕುಂಬಳಕಾಯಿ. ಕಪಾಟಿನಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಒಂದು ಸಾಲು ದಪ್ಪ ಪುಸ್ತಕ. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಒಂದರ ಬೆನ್ನಿಗೆ ಅಂಟಿಸಿದ ಚೀಟಿ, ಚೀಟಿಯ ಮೇಲೆ 1353. ಅದರ ಮೇಲೆ ವಿಭೂತಿ, ಅದರ ಮೇಲೆ ಕುಂಕುಮ, ಹಿಂದಿನ ವರ್ಷದ ಕುಂಕುಮದ ಮೇಲೆ ಈ ವರ್ಷದ ಕುಂಕುಮ. ಲಭ್ಯವಿಲ್ಲದ ದಾಖಲೆಗೆ ನೀವು ವರ್ಷವರ್ಷ ಮಂಗಳಾರತಿ ಎತ್ತುತ್ತಿದ್ದೀರಿ!

ಮತ್ತೆ ಅರ್ಜಿ ಬರೆದು, ಫೋಟೋ ಲಗತ್ತಿಸಿ, ಈ ಸಲ ಅಜ್ಜಿಯನ್ನೂ ಫಾತಿಮಾಬೀ ಟೀಚರನ್ನೂ ಕರೆದುಕೊಂಡೇ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಟೀಚರ್ ನಿಂತುಕೊಂಡೇ ಫಸಲಿ ಲೆಕ್ಕ ಬಿಡಿಸಿ ಹೇಳಿದರು. ಕೌಂಟರಿನವರು ಕೇಳಿ, "ಟೀಚರ್, ನಂಬರ್ ಓದಾಕ ನನಗೂ ಬರತೈತ್ರಿ. ಸಾವಿರದ ಮುನ್ನೂರಾ ಐವತ್ಮೂರು ಅಂದ್ರ ಹಂಪಿ ಕಾಲ. ನೀವು ಹೊಸಪೇಟಿ ಬಸ್ ಹಿಡೀರಿ" ಎಂದರು.

"ಹಂಪಿ ಅರಸರು ಉರ್ದು ರಿಜಿಸ್ಟರ್ ಇಟ್ಟಿದ್ರೇನಪಾ?" ಎಂದರು ಟೀಚರ್.

"ಅದೆಲ್ಲ ನಮಗ ಗೊತ್ತಿಲ್ರಿ. ಅದು ಪೂಜಾದ ಪುಸ್ತಕ, ಮುಟ್ಟಂಗಿಲ್ಲ."

ಅಜ್ಜಿ ಈ ವಾದ ಕೇಳುತ್ತಿರಲಿಲ್ಲ. ಕೋಲೂರಿಕೊಂಡು ಕಪಾಟಿನ ಹತ್ತಿರ ಹೋಗಿ ಗಾಜಿಗೆ ಅಂಗೈ ಇಟ್ಟಿದ್ದಳು. "ಎಷ್ಟು ಕುಂಕಮ ಹಚ್ಚೀರಪಾ!" ಎಂದಳು. "ಇಷ್ಟು ವರ್ಷ ನನ್ನ ತಮ್ಮಗ ಪೂಜಿ ಮಾಡಕೋತ ಬಂದೀರಿ, ಛಲೋ ಆತು. ಒಮ್ಮೆ ಅವನ್ನ ಮಾತಾಡಸಬಾರದೇನು?"

ಕೌಂಟರಿನವರು ಎದ್ದು ಬಂದು ಅಜ್ಜಿಗೆ ನೀರು ಕೊಟ್ಟರು, ಕುರ್ಚಿ ಕೊಟ್ಟರು. ಪುಸ್ತಕ ಕೊಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಪಾಟಿನ ಬೀಗದ ಕೈ ಅವರ ಬಳಿ ಇರಲಿಲ್ಲ. ಅದು ನಿಮ್ಮ ಬಳಿ ಇದೆ. ಮೂರು ವಾರಕ್ಕೆ ನಿಮ್ಮ ಸಹಿಯೊಂದಿಗೆ ವಿಜಯನಗರ ಸಾಮ್ರಾಜ್ಯ ನಮ್ಮ ಮನೆಗೆ ಅಂಚೆಯಲ್ಲಿ ಬಂತು.

ಮಾನ್ಯರೇ, ಅಚ್ಚು ಹಾಕಿದ ಗೆರೆಗಳಿರುವ ರಿಜಿಸ್ಟರು ಹಂಪಿಯ ಅರಸನ ಆಸ್ಥಾನದಲ್ಲಿತ್ತೇ? ಪ್ಲೇಗಿನ ಮಕ್ಕಳನ್ನು ಆತ ಮೋಟಾರಿನಲ್ಲಿ ಕಳಿಸುತ್ತಿದ್ದನೇ? ಅಷ್ಟು ಪ್ರಾಚೀನ ವಸ್ತು ನಿಮ್ಮ ಕಪಾಟಿನಲ್ಲಿದೆ ಎಂದು ನೀವು ನಿಜವಾಗಿ ನಂಬಿದ್ದರೆ ಅದಕ್ಕೆ ಎಣ್ಣೆ ಕೈಯಲ್ಲಿ ಕುಂಕುಮ ಬಳಿಯಲು ಬಿಟ್ಟಿರಿ ಯಾಕೆ? ನಂಬಿಲ್ಲದಿದ್ದರೆ ಹಾಗೆಂದು ಬರೆದು ಸಹಿ ಹಾಕಿದಿರಿ ಯಾಕೆ? ನನಗೆ ತಿಳಿದಿರುವುದು ಇಷ್ಟು: ಓದಲು ಬರದ ಪುಸ್ತಕವನ್ನು ಎಸೆಯಲು ನಿಮಗೆ ಹೆದರಿಕೆ, ಓದುವವರನ್ನು ಕರೆಸಲು ಬೇಸರ. ಇವೆರಡರ ನಡುವೆ ಸುಲಭಕ್ಕೆ ಸಿಕ್ಕಿದ್ದು ಪೂಜೆ. ಕೈ ಮುಗಿದರೆ ಕೆಲಸ ಮುಗಿಯಿತು. ಆ ಕಪಾಟಿನಲ್ಲಿ ಅಂಥ ಹನ್ನೊಂದು ಪುಸ್ತಕಗಳಿವೆ, ಫೋಟೋದಲ್ಲಿ ಎಣಿಸಿದ್ದೇನೆ. ಒಂದೊಂದರಲ್ಲಿ ಎಷ್ಟು ಮಕ್ಕಳು ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದಾರೋ!

ಈ ಪತ್ರವನ್ನು ಇಷ್ಟು ಖಾರವಾಗಿ ಬರೆಯಬಾರದಿತ್ತು. "ಸಿಟ್ಟಿಲೆ ಬರೀಬ್ಯಾಡೋ ಗ್ಯಾನ್ಯಾ, ಅವರಿಗೆ ಸಿಟ್ಟು ಬಂದ್ರ ಪುಸ್ತಕ ಸುಟ್ಟುಗಿಟ್ಟಾರು" ಎಂದು ಅಜ್ಜಿ ಎರಡು ಸಲ ಹೇಳಿದಳು. ಆಕೆಯ ಮಾತು ಮೀರಿದ್ದೇನೆ. ಯಾಕೆಂದರೆ ಈ ಸಲ ಆಕೆ ಒಂದು ನಿರ್ಧಾರ ಮಾಡಿದ್ದಾಳೆ. ಹೆಸರು ಎಲ್ಲೂ ಇಲ್ಲ ಎಂದುಕೊಂಡಿದ್ದಾಗ ಬರೀ "ತಮ್ಮನ ಪಾಲು" ಎಂದು ಎರೆಯುತ್ತಿದ್ದಳು. ಈಗ ಪುಸ್ತಕವನ್ನು ಕಣ್ಣಾರೆ ನೋಡಿದ್ದಾಳೆ. "ಅವನ ಹೆಸರು ಅಲ್ಲಿ ಐತಿ ಅಂತ ಗೊತ್ತಾದ ಮ್ಯಾಲೆ ಹೆಸರಿಲ್ಲದ ಹ್ಯಾಂಗ ಎರೀಲಿ? ಈ ಪಂಚಮಿಗಿ ಎರಿಯಾಂಗಿಲ್ಲ" ಎನ್ನುತ್ತಿದ್ದಾಳೆ. ಎಂಟು ದಶಕ ತಪ್ಪದೆ ಸಿಕ್ಕಿದ್ದ ಆ ಮಗುವಿನ ಒಂದು ಗುಟುಕು ಹಾಲು ಈ ವರ್ಷ ನಿಮ್ಮ ಬೀಗದಿಂದಾಗಿ ತಪ್ಪುತ್ತದೆ.

ಆದ್ದರಿಂದ ಕೇಳುತ್ತಿದ್ದೇನೆ. ಪಂಚಮಿಯ ಒಳಗೆ ಆ ಕಪಾಟು ತೆಗೆಯಿರಿ. 1353ರ ಪುಸ್ತಕದಲ್ಲಿ ಖುರ್ದಾದ್ ತಿಂಗಳ ಪುಟ, ನಲವತ್ತೊಂದನೇ ನಂಬರಿನ ಪಕ್ಕದ ಹುಡುಗ. ಅವನ ಹೆಸರೇನು, ಆ ಮೋಟಾರು ಅವನನ್ನು ಯಾವ ಊರಿಗೆ ಒಯ್ದಿತು, ಇಷ್ಟು ಸಾಕು. ಅವನು ಬದುಕಿದ್ದರೆ ಹೋಗಿ ನೋಡುತ್ತೇವೆ, ಇಲ್ಲವೆಂದಾದರೆ ಅದನ್ನೂ ತಡೆದುಕೊಳ್ಳುತ್ತೇವೆ. ಓದಲು ಫಾತಿಮಾಬೀ ಟೀಚರ್ ಬರುತ್ತಾರೆ. ಕುಂಕುಮ ಒರೆಸಲು ಮೆತ್ತನೆಯ ಬಟ್ಟೆಯನ್ನು ಅಜ್ಜಿ ತನ್ನ ಹಳೆಯ ಸೀರೆಯಿಂದ ಹರಿದು ಆಗಲೇ ಮಡಚಿಟ್ಟಿದ್ದಾಳೆ.

ಹಾಲು ನಾವು ತರುತ್ತೇವೆ. ಹೆಸರು ನೀವು ಕೊಡಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಹದಿನಾಲ್ಕನೇ ಶತಮಾನದಲ್ಲಿ ಅನಾಥಳಾದ ಅಜ್ಜಿಯ, ಇನ್ನೂ ಇಪ್ಪತ್ತೆರಡು ತುಂಬದ ಮೊಮ್ಮಗ
ಗ್ಯಾನಪ್ಪ, ಕಾರಟಗಿ