ನಾಲ್ಕನೇ ಗಾಜು

ಮಾರ್ಚ್ 2, ಬೆಳಗ್ಗೆ
ಏಳು ಗಾಜು, ಏಳೂ ಕ್ಷೇಮ. ನಮ್ಮ ಮಹಡಿಯ ಗೋಡೆಯ ಬಿರುಕುಗಳಿಗೆ ಅಡ್ಡಲಾಗಿ ಅಂಟಿಸಿದ ಪಟ್ಟಿಗಳು. ಗೋಡೆ ಕೂದಲೆಳೆಯಷ್ಟು ಸರಿದರೂ ಒಡೆಯುತ್ತವಂತೆ. ಒಡೆದರೆ ತಕ್ಷಣ ಫೋನ್ ಮಾಡಿ, ಬಂಗಲೆಯ ಹನ್ನೊಂದು ಸಂಸಾರವೂ ಖಾಲಿ ಮಾಡಬೇಕಾಗುತ್ತೆ ಅಂದರು ಇಂಜಿನಿಯರಮ್ಮ. ಕಾವಲು ಯಾರದು? ನಂದೇ! ಈ ಬಂಗಲೆಯ ಜಾತಕ ಇನ್ಯಾರಿಗೆ ಗೊತ್ತು? ಮೊದಲು ಹತ್ತಿ ಸಾಹುಕಾರ, ಆಮೇಲೆ ಆಸ್ಪತ್ರೆ, ಆಮೇಲೆ ಪ್ರೆಸ್ಸು. ಪ್ರೆಸ್ಸಿನ ಮೆಷಿನ್‌ಗೆ ಜಾಗ ಸಾಲಲಿಲ್ಲ ಅಂತ ಕೆಳಗಿನ ಹಾಲಿನ ಎರಡು ಕಂಬ ಬೀಳಿಸಿದವನು ನಾನು — ಇಪ್ಪತ್ತರ ಹರೆಯ, ಮೂರೇ ಏಟು. (ಆರು ಜನ ಇದ್ದೆವು. ಇರಲಿ.) ಸುತ್ತಿಗೆ ಇನ್ನೂ ನನ್ನ ಮಂಚದ ಕೆಳಗಿದೆ.

ಮಾರ್ಚ್ 5
ಬಲ್ಬ್ ಹಾಕಿ ಏಣಿ ಇಳಿದರೆ, ನಾಲ್ಕನೇ ಗಾಜು ಸೀಳಿತ್ತು. ಏಣಿಯೇ ತಾಗಿರಬೇಕು. ಕಾವಲುಗಾರನೇ ಒಡೆದ ಅಂದರೆ ಮಾನ ಉಳಿಯುತ್ತದೆಯೇ? ನಾಟಕದಲ್ಲಿ ರಾಜನಾಗಿದ್ದ ನನ್ನ ಫೋಟೋದ ಗಾಜು ಕೊಯ್ದು ಅಂಟಿಸಿದೆ. ಯಾರಪ್ಪನಿಗೂ ಗೊತ್ತಾಗಲ್ಲ.
ಬಚ್ಚಲ ಬಾಗಿಲು ಬಿಗಿಯಾಗಿದೆ ಅಂತ ಅಕ್ಕನ ಗೊಣಗಾಟ. ಅಂಚು ಉಜ್ಜಿ ಸಡಿಲ ಮಾಡಿಕೊಟ್ಟೆ. ಕೈ ಅಂದರೆ ಕೈ!

ಮಾರ್ಚ್ 9
ಇಂಜಿನಿಯರಮ್ಮ ಬಂದು ಟಾರ್ಚ್ ಬಿಟ್ಟು ನೋಡಿದರು. "ಗಾಜೆಲ್ಲ ಸರಿಯಾಗಿದೆ ಅಂಕಲ್. ಕೆಳಗೆ ಯಾವಾಗಾದ್ರೂ ಕಂಬ ತೆಗೆದಿದ್ರಾ?"
ಅಕ್ಕನ ಮಗಳು ಕೂಸನ್ನು ತೊಟ್ಟಿಲಿಗೆ ಹಾಕುತ್ತಾ ನಕ್ಕಳು. "ನಮ್ಮ ಮಾಮನ್ನ ಕೇಳಿ ಮೇಡಂ. ಮೂರೇ ಏಟಿಗೆ ಬೀಳಿಸಿದ್ರಂತೆ!"
ಇಂಜಿನಿಯರಮ್ಮ ನಗಲಿಲ್ಲ. ನನ್ನ ಮುಖ ನೋಡಿದರು.
"ಅಯ್ಯೋ, ತಮಾಷೆಗೆ ಹೇಳಿದ್ದು" ಅಂದೆ.
ನಿಜವನ್ನೇ ಬುರುಡೆ ಅಂದದ್ದು ಇದೇ ಮೊದಲು.

ಮಾರ್ಚ್ 10, ಮಧ್ಯಾಹ್ನ 3
ನಾಲ್ಕನೆಯದು ಮತ್ತೆ ಸೀಳಿದೆ. ಏಣಿ ಮುಟ್ಟೇ ಇಲ್ಲ. ಹಾಗಾದರೆ ಅವತ್ತೂ...
ಅದರ ಕೆಳಗೇ ತೊಟ್ಟಿಲು. ಎಳೆದು ಬಾಗಿಲ ಬಳಿ ತಂದೆ. ಅಕ್ಕನ ಮಗಳು ರೇಗಿದಳು — "ಅಲ್ಲಿ ಗಾಳಿ ಹೊಡೆಯುತ್ತೆ ಮಾಮ, ಸುಮ್ನಿರಿ!" ವಾಪಸ್ ಇಟ್ಟಳು. ಹೇಳಬೇಕು ಅಂತ ಬಾಯಿ ತೆರೆದೆ. ಹೇಳಿದರೆ ಹನ್ನೊಂದು ಸಂಸಾರ ಬೀದಿಗೆ. ನನ್ನ ಕಂಬ, ನನ್ನ ಗಾಜು.
ಫೋಟೋದ ಉಳಿದ ಗಾಜು ಅಂಟಿಸಿದೆ. ಅಂಟೆಲ್ಲ ಶರ್ಟಿಗೆ.

ಮಾರ್ಚ್ 13, ಬೆಳಗ್ಗೆ 10.20
ಮೂರು ಗಾಜು ಒಟ್ಟಿಗೆ ಹೋದವು. ಇಂಜಿನಿಯರಮ್ಮನಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಕಂಬದ್ದೂ. ಆಕೆ ಬೈಯಲಿಲ್ಲ. "ಎಲ್ಲರನ್ನೂ ಈಗಲೇ ಇಳಿಸಿ, ನಾನು ಹೊರಟೆ. ಗಾಜು ಬದಲಾಯಿಸಿದ ತಾರೀಖು ಬರೆದಿಡಿ."
ಮಾರ್ಚ್ 5, ಮಾರ್ಚ್ 10. ಬರೆದೆ.
ಕೂಸು, ತಾಯಿ ಅಂಗಳದಲ್ಲಿ. ಉಳಿದವರೂ ಇಳಿದರು. ಅಕ್ಕ ಮಾತ್ರ ಬಚ್ಚಲಲ್ಲಿ. ಬಾಗಿಲು ಬಡಿದೆ.
"ಹೋಗೋ ಬುರುಡೆ ರಾಯ, ಇವತ್ತು ಯಾವ ಕಂಬ ಬೀಳಿಸಿದೆ? ತಲೆ ತುಂಬ ಸೋಪಿದೆ, ಬರ್ತೀನಿ."
ಅವಳನ್ನು ಬಿಟ್ಟು ಇಳಿಯಲಾರೆ. ಹೊರಗೇ ನಿಂತು ಬರೆಯುತ್ತಿದ್ದೇನೆ. ಪುಟದ ಮೇಲೆ ಸುಣ್ಣ ಉದುರುತ್ತಿದೆ. ನೀರಿನ ಸದ್ದು ನಿಂತಿತು. ಚಿಲಕ ಸರಿಯಿತು. ಬಾಗಿಲು...
"ತಮ್ಮಾ, ಎಳೆಯೋ. ನೀನು ಉಜ್ಜಿದ ಕಡೇನೇ ಕಚ್ಕೊಂಡಿದೆ."
ಬುರುಡೆ ರಾಯ ಅನ್ನಲಿಲ್ಲ.
ಮಂಚದ ಕೆಳಗೆ ಸುತ್ತಿಗೆ ಇದೆ. ಮೂರೇ ಏಟು ಅಕ್ಕಾ, ಮೂರೇ