ಬ್ಯಾಗಿನೊಳಗಿನ ಅಕ್ಕಿ

ಯವ್ವಾ,

ನೀ ಗುಡಿಯಿಂದ ಬರೋದ್ರಾಗ ನಾ ದಿಲ್ಲಿ ಗಾಡಿ ಹತ್ತಿರ್ತೀನಿ.

ಹಾಲು ಕಾಸಿಟ್ಟೀನಿ. ಬಿಪಿ ಗುಳಿಗಿ ಉಂಡ ಮ್ಯಾಲ ತಗೋ, ಮರಿಬ್ಯಾಡ.

ಹಿಮಾಲಯದಾಗ ಗುಡ್ಡ ಸುತ್ತೋತನಕ ಫೋನ್ ಹತ್ತಂಗಿಲ್ಲ. ಜಾಲಹಳ್ಳಿ ಮಾವಗ ಫೋನ್ ಮಾಡಿ ಅಳಬ್ಯಾಡ.

ಮತ್ತ, ಟ್ರೆಕ್ಕಿಂಗ್ ಅಭ್ಯಾಸಕ್ಕಂತ ಬ್ಯಾಗಿನಾಗ ಅಕ್ಕಿ ತುಂಬಿ ದಿನಾ ಕೋಟೆ ಗುಡ್ಡ ಹತ್ತತಿದ್ನಲ್ಲ, ಬರಬರ್ತಾ ಬ್ಯಾಗು ಹಗುರ ಅನಸ್ತಿತ್ತು. ನಾ ಗಟ್ಟಿ ಆದೆ ಅಂತ ಓಣಿ ತುಂಬ ಹೇಳ್ಕೊಂಡು ತಿರಗಿದೆ. ನಿನ್ನೆ ಸುರುವಿ ನೋಡಿದ್ರ ಅರ್ಧ ಅಕ್ಕಿನೂ ಇಲ್ಲ. ಡಬ್ಬಿ ತುಂಬ ಅಕ್ಕಿ ಇದ್ರೂ ನನ್ನ ಬ್ಯಾಗಿನಾಗಿಂದು ತಗದು ಅನ್ನಕ್ಕ ಇಟ್ಟೀದಿ. ಕೇಳಿದ್ರ, "ಮಗಳ ಬೆನ್ನು ಬಾಗ್ತಿತ್ತು" ಅಂತೀ.

ಈಗ ಅದೇ ಬ್ಯಾಗಿಗೆ ಸ್ವೆಟರ್, ರಗ್ಗು ತುಂಬೀನಿ. ಭಾರ ಅದ. ಅಲ್ಲಿ ಕದ್ದು ಹಗುರ ಮಾಡಾಕ ನೀ ಇರಂಗಿಲ್ಲ.

ಮೌನೇಶ್ವರಿ